ನೆಲಮಂಗಲದಲ್ಲಿದ್ದ ನಕಲು

ಕಂಪನಿಯವರು ನನಗೆ ಹೊದಿಸಿದ ಶಾಲು ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ. ಬೀರು ತೆಗೆದಾಗೆಲ್ಲ ಅದು ಕಣ್ಣಿಗೆ ಬಿದ್ದು ನನ್ನ ಮೇಲೇ ನನಗೆ ಹೇಸಿಗೆಯಾಗುತ್ತದೆ.

ದೊಡ್ಡಬಳ್ಳಾಪುರದ ಒಂದು ರೇಷ್ಮೆ ಸೀರೆ ಕಂಪನಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಒಂದೇ ಸರ್ವರಿನೊಳಗೆ ಎರಡು ವರ್ಚುವಲ್ ಮಷೀನುಗಳಿದ್ದವು, ಅಂದರೆ ಸಾಫ್ಟ್‌ವೇರಿನಲ್ಲೇ ಮಾಡಿದ ಎರಡು ಬೇರೆಬೇರೆ ಕಂಪ್ಯೂಟರುಗಳು. ಒಂದರಲ್ಲಿ ಆರ್ಡರು, ದಾಸ್ತಾನು. ಇನ್ನೊಂದರಲ್ಲಿ ಸೀರೆಯ ಡಿಸೈನುಗಳು. ಎರಡರ ಬ್ಯಾಕಪ್ಪೂ ಅದೇ ಕೋಣೆಯ ಡಿಸ್ಕಿಗೆ ಹೋಗುತ್ತಿತ್ತು. ಅದರ ನಕಲು ದಿನವೂ ನೆಲಮಂಗಲದ ನಮ್ಮ ಗೋದಾಮಿನ ಸರ್ವರಿಗೆ ಹೋಗುತ್ತಿತ್ತು. ಇಲ್ಲಿ ಏನೇ ಅನಾಹುತವಾದರೂ ಅಲ್ಲಿಂದ ಎಲ್ಲವನ್ನೂ ಮತ್ತೆ ಎಬ್ಬಿಸಬಹುದು ಎಂದು ನಾನೇ ಮಾಡಿದ್ದ ಏರ್ಪಾಡು. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಆಯುಧಪೂಜೆಯ ದಿನ ನಮ್ಮಲ್ಲಿ ಯಾವ ಯಂತ್ರವೂ ಓಡುವಂತಿಲ್ಲ. ಗೋದಾಮಿನವರು ಸರ್ವರನ್ನೂ ಆಫ್ ಮಾಡಿ, ಒರೆಸಿ, ಕುಂಕುಮವಿಟ್ಟು ಸೇವಂತಿಗೆ ಹಾರ ಹಾಕುತ್ತಾರೆ. ಆದರೆ ಅದು ಆಫ್ ಆಗಿದ್ದರೆ ನಕಲು ಹೋಗದೆ, ಮ್ಯಾನೇಜರಿಗೆ ಕೆಂಪಕ್ಷರದ ಮೇಲ್ ಹೋಗಿ, ಹಬ್ಬದೂಟಕ್ಕೆ ಕೂತ ನನಗೆ ಫೋನ್ ಬರುತ್ತದೆ. ಆ ಕಾಟವೇ ಬೇಡವೆಂದು ಆ ವರ್ಷ ನಕಲು ಕಳಿಸುವ ಪಟ್ಟಿಯಲ್ಲಿ ಎರಡೂ ಮಷೀನುಗಳ ಮುಂದಿನ ಟಿಕ್ ತೆಗೆದುಬಿಟ್ಟೆ. ಹಬ್ಬ ಮುಗಿದ ಮೇಲೆ ಮ್ಯಾನೇಜರ್ ಫೋನ್ ಮಾಡಿ, "ಆರ್ಡರ್ ಮಷೀನ್ ಕಾಪಿ ಶುರುವಾಯ್ತೇನ್ರೀ?" ಎಂದರು. ಅದಕ್ಕೆ ಟಿಕ್ ಹಾಕಿದೆ. ಡಿಸೈನಿನದನ್ನು ಯಾರೂ ಕೇಳಲಿಲ್ಲ, ನಾನು ಮರೆತೆ. ಟಿಕ್ ಇಲ್ಲದ್ದರ ಬಗ್ಗೆ ಕೆಂಪು ಮೇಲೂ ಬರುವುದಿಲ್ಲ.

ಸರಿಯಾಗಿ ಅದೇ ವಿಜಯದಶಮಿಯಂದು ನಮ್ಮ ಡಿಸೈನ್ ಮಾಸ್ಟ್ರು ತಮ್ಮ ಟ್ರಂಕು ತೆರೆದರು. ಹದಿನೆಂಟನೇ ವಯಸ್ಸಿನಿಂದ ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕಕ್ಕೆ ಬಣ್ಣ ತುಂಬಿ ಬರೆದಿದ್ದ ಅಂಚು, ಸೆರಗು, ಬುಟ್ಟಾಗಳು. ಕಣ್ಣು ಮಂಜಾಗುತ್ತಿತ್ತು, ಪೂರ್ತಿ ಹೋಗುವ ಮುಂಚೆ ಎಲ್ಲವನ್ನೂ ಸ್ಕ್ಯಾನ್ ಮಾಡಿ ಡಿಸೈನ್ ಮಷೀನಿಗೆ ಏರಿಸಬೇಕೆಂಬ ಆಸೆ. ಒಳ್ಳೆಯ ದಿನವೆಂದು ದಶಮಿಗೇ ಕಾದಿದ್ದರು. ಸಂಕ್ರಾಂತಿ ಹೊತ್ತಿಗೆ ಟ್ರಂಕಿನ ತಳ ಕಂಡಿತು.

"ಮನೇಲಿ ಗೆದ್ದಲು ಹತ್ತಿದೆ, ಈ ಹಾಳೆ ಎಲ್ಲಾ ಹಳೇ ಪೇಪರ್‌ಗೆ ಹಾಕು ಅಂತಾಳೆ ನಮ್ಮನೆಯೋಳು. ಧೈರ್ಯವಾಗಿ ಹಾಕ್ಬೋದೇನಪ್ಪಾ?" ಎಂದು ಕೇಳಿದರು. ಒಂದು ಸಲವಲ್ಲ, ಮೂರು ಸಲ.

"ಹಾಕಿ ಮಾಸ್ಟ್ರೇ. ಇಲ್ಲಿ ಬೆಂಕಿ ಬಿದ್ರೂ ನೆಲಮಂಗಲದಲ್ಲಿ ಇರುತ್ತೆ" ಎಂದೆ. ಆ ವಾರವೇ ಹಾಳೆಗಳೆಲ್ಲ ಹಳೇ ಪೇಪರಿನವನ ಪಾಲಾದವು.

ಯುಗಾದಿಗೆ ಮುಂಚೆ ಒಂದು ಮಧ್ಯಾಹ್ನ ಯುಪಿಎಸ್ ಬ್ಯಾಟರಿ ಸಿಡಿದು ಬೆಂಕಿ ಬಿದ್ದೇಬಿಟ್ಟಿತು. ಸರ್ವರು, ಪಕ್ಕದ ಬ್ಯಾಕಪ್ ಡಿಸ್ಕು, ಎಲ್ಲ ಕರಗಿ ಮುದ್ದೆಯಾಯಿತು. ನಾನು ನೆಲಮಂಗಲಕ್ಕೆ ಓಡಿದೆ. ಮಾಸ್ಟ್ರೂ ಜೊತೆಗೆ ಬಂದರು. ಆರ್ಡರ್ ಮಷೀನು ಸಲೀಸಾಗಿ ಎದ್ದು ನಿಂತಿತು. ಡಿಸೈನಿನದೂ ಎದ್ದಿತು, ಆದರೆ ಅದರ ಕೊನೆಯ ನಕಲು ಆಯುಧಪೂಜೆಯ ಹಿಂದಿನ ದಿನದ್ದು. ಮಾಸ್ಟ್ರ ಫೋಲ್ಡರೇ ಅದರಲ್ಲಿರಲಿಲ್ಲ.

ಆಗ ನನಗೆ ಆ ಟಿಕ್ ನೆನಪಾಯಿತು.

"ಯಾಕಪ್ಪಾ ಹಿಂಗಾಯ್ತು?"

"ಪೂಜೆಗೆ ಅಂತ ಆಫ್ ಮಾಡಿದ್ರಲ್ಲ ಮಾಸ್ಟ್ರೇ, ಆವಾಗ್ಲೇ ಏನೋ ಕೆಟ್ಟಿದೆ" ಎಂದೆ. ಎಷ್ಟು ಸುಲಭವಾಗಿ ಬಂತು ಆ ಸುಳ್ಳು!

ಸರ್ವರಿನ ಮೇಲೆ ಒಣಗಿದ ಹಾರ ಇನ್ನೂ ನೇತಾಡುತ್ತಿತ್ತು. ಅವರು ಅದನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟರು. "ನಂದೇ ತಪ್ಪು ಬಿಡಪ್ಪಾ. ಒಳ್ಳೇ ದಿನ ಒಳ್ಳೇ ದಿನ ಅಂತ ಕಾಯ್ಕೊಂಡು ಕೂತೆ. ಒಂದ್ ವಾರ ಮುಂಚೆ ಶುರು ಮಾಡಿದ್ರೆ ಒಂದೆರಡಾದ್ರೂ ಉಳೀತಿತ್ತು."

ಅಲ್ಲ, ತಪ್ಪು ನನ್ನದು ಎನ್ನಲು ಒಂದು ಉಸಿರು ಸಾಕಿತ್ತು. ಬಾಯಿ ಬಿಡಲಿಲ್ಲ. ಕೆಲಸ ಹೋದೀತೆಂಬ ಭಯ. ಅದಕ್ಕಿಂತ ಹೆಚ್ಚಾಗಿ ಅವರ ಮುಖ ನೋಡುವ ಧೈರ್ಯವಿರಲಿಲ್ಲ.

ಮುಂದಿನ ವಾರವೇ ಸಭೆ ಕರೆದರು. ಒಂದೂ ಆರ್ಡರ್ ತಪ್ಪದಂತೆ ಕಂಪನಿಯನ್ನು ಉಳಿಸಿದವನೆಂದು ಮ್ಯಾನೇಜರ್ ನನ್ನನ್ನು ಹೊಗಳಿದರು. ಏನೂ ನಷ್ಟವಾಗಿಲ್ಲ ಎಂದೂ ಹೇಳಿದರು. ನನಗೆ ಶಾಲು ಹೊದಿಸುವಾಗ, ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಮಾಸ್ಟ್ರು.