ಅದನ್ನು ಶೋಕಿ ಎಂದವಳು ನಾನು

ತ್ರಿಶಲಾ, ನಿನ್ನ ಕೂದಲು ಉದುರಿದ್ದು ಯಾವ ಕರ್ಮದಿಂದಲೂ ಅಲ್ಲ. ನನ್ನಿಂದ. ನೆತ್ತಿಗೆ ಹಚ್ಚುವ ಆ ಔಷಧ ಬಿಟ್ಟರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು — ಡಾಕ್ಟರು ನನಗೇ ಹೇಳಿದ್ದರು — ಗೊತ್ತಿದ್ದೂ ನಿನಗೆ ಸುಳ್ಳು ಹೇಳಿದೆ. ನೀನು ನನ್ನ ಮೈದುನನ ಹೆಂಡತಿ, ನನ್ನ ನೆಗೆಣ್ಣಿ. ಆ ಸುಳ್ಳಿನ ಮೇಲೆ ಒಂದು ವರ್ಷ ಒಂದೇ ಒಲೆಯ ಮುಂದೆ ನಿನ್ನ ಪಕ್ಕ ಕೂತು ರೊಟ್ಟಿ ಬಡಿದಿದ್ದೇನೆ. ಈಗಲೂ ಬಾಯಿ ಬಿಡದಿದ್ದರೆ ನೀನು ಮನೆ ಬಿಟ್ಟು ಹೊರಟೇ ಹೋಗುತ್ತೀಯ. ಹೇಳುವುದಕ್ಕೂ ಹೆದರಿಕೆ, ಹೇಳದಿರುವುದಕ್ಕೂ ಹೆದರಿಕೆ. ಉಂಡ ಅನ್ನ ಮೈಗೆ ಹತ್ತುತ್ತಿಲ್ಲ.

ನಿನಗೆ ನೆನಪಿದೆಯೋ ಇಲ್ಲವೋ. ಹೆರಿಗೆಯಾದ ಮೇಲೆ ನಿನ್ನ ಬೈತಲೆ ಅಗಲವಾಗುತ್ತಾ ಹೋಯಿತು. ಆರುಷಿ ಎದೆಹಾಲು ಬಿಟ್ಟ ಮೇಲೂ ನಿಲ್ಲಲಿಲ್ಲ. ಸೀರೆಗೆ ಫಾಲ್ ಹಚ್ಚಿಸಲು ಹೋಗುತ್ತೇವೆಂದು ಅತ್ತೆಗೆ ಹೇಳಿ ಇಬ್ಬರೂ ಬೇಡಕಿಹಾಳದಿಂದ ನಿಪ್ಪಾಣಿಯ ಬಸ್ಸು ಹತ್ತಿದೆವು. ಡಾಕ್ಟರು ನಿನ್ನ ನೆತ್ತಿ ನೋಡಿ, ದಿನಾ ಹಚ್ಚಲು ಔಷಧ ಬರೆದುಕೊಟ್ಟರು. ಅಷ್ಟರಲ್ಲಿ ಆರುಷಿ ಅಳತೊಡಗಿದಳು, ನೀನು ಅವಳನ್ನು ಎತ್ತಿಕೊಂಡು ಹೊರಗೆ ಹೋದೆ. ಆಗ ಅವರು ನನಗೆ ಹೇಳಿದರು: "ನೋಡ್ರಿ ಬಾಯಾರ, ಇದನ್ನ ಮನಸ್ಸಿಗೆ ಬಂದಂಗ ಬಿಡಬಾರದ್ರಿ. ಬಿಟ್ರ, ಇದರ ಮ್ಯಾಲೆ ಬಂದ ಕೂದಲಾ ನಿಲ್ಲಂಗಿಲ್ಲ, ಕೆಲವು ತಿಂಗಳದಾಗ ಎಲ್ಲಾ ಉದುರತೈತಿ. ಬಿಡೂದಿದ್ರ ನನ್ನ ಕೇಳಿ ಬಿಡ್ರಿ. ಅವರಿಗೆ ತಿಳಿಸಿ ಹೇಳ್ರಿ."

ಹ್ಞೂಂ ಎಂದೆ. ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ, ಮಗು ರಂಪ ಮಾಡುತ್ತಿತ್ತು — ಮರೆತೆ. ಮೊದಲಿನದು ಮರೆವೇ. ಆಮೇಲೆ ಆಗಿದ್ದು ಮರೆವಲ್ಲ.

ಆಮೇಲೆ ನಿನಗೆ ಕೂದಲು ಬಂತು. ಅಬ್ಬಾ, ಎಂಥ ಕೂದಲು ಬಂತು! ಅತ್ತೆ ಕಟ್ಟೆಯ ಮೇಲೆ ನಿನ್ನನ್ನು ಕೂರಿಸಿಕೊಂಡು ಎಣ್ಣೆ ತಿಕ್ಕುತ್ತಾ ಹೋಗಿಬರುವವರನ್ನೆಲ್ಲ ಕರೆದು ತೋರಿಸುತ್ತಿದ್ದರು. "ಹೆರಳ ಅಂದ್ರ ಹಿಂಗಿರಬೇಕ ನೋಡ್ರಿ. ನಮ್ಮ ದೊಡ್ಡ ಸೊಸೀದೂ ಐತಿ, ಇಲಿ ಬಾಲ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಅದು ಬಾಟಲಿಯ ಕೂದಲೆಂದು ಊರಲ್ಲಿ ನನಗೊಬ್ಬಳಿಗೇ ಗೊತ್ತು, ಮುಗಿದಾಗ ನಿಪ್ಪಾಣಿಗೆ ಹೋಗಿ ತರುವವಳೂ ನಾನೇ. ತಂದು ಕೊಟ್ಟು ಇಲಿ ಬಾಲ ಅನ್ನಿಸಿಕೊಳ್ಳಬೇಕೇ! — ಇದನ್ನು ನೆಪವಾಗಿ ಹೇಳುತ್ತಿಲ್ಲ. ನನ್ನೊಳಗೆ ಏನಿತ್ತು ಎಂಬುದು ನಿನಗೆ ತಿಳಿದಿರಲಿ ಎಂದು ಹೇಳುತ್ತಿದ್ದೇನೆ.

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಜೈನ ಸನ್ಯಾಸಿನಿ ಮಾತಾಜಿಯವರು ಚಾತುರ್ಮಾಸಕ್ಕೆ ಸದಲಗಾದಲ್ಲಿ ನಿಂತಿದ್ದರು. ಹೆಂಗಸರೆಲ್ಲ ಅವರ ಮುಂದೆ ಕೂತು ನಿಯಮ ಹಿಡಿಯುವ ದಿನ — ಒಬ್ಬಳು ಬಟಾಟೆ ಬಿಟ್ಟಳು, ಒಬ್ಬಳು ರಾತ್ರಿ ಊಟ ಬಿಟ್ಟಳು, ಒಬ್ಬಳು ಹೊಸ ಸೀರೆ. ಮಾತಾಜಿ ಸ್ಪಷ್ಟವಾಗಿಯೇ ಹೇಳಿದ್ದರು: "ಔಷಧ ಯಾರೂ ಬಿಡಬ್ಯಾಡ್ರಿ. ಶರೀರ ಕೆಡಿಸಿಕೊಂಡು ಮಾಡೂದು ಧರ್ಮ ಅಲ್ಲ. ಶೋಕಿ ಏನರ ಇದ್ರ ಅದನ್ನ ಬಿಡ್ರಿ." ನೀನು ನನ್ನ ಕಡೆ ವಾಲಿ ಕಿವಿಯಲ್ಲಿ ಕೇಳಿದೆ: "ಅಕ್ಕಾ, ನಾ ತಲೀಗೆ ಹಚ್ಚೂದು ಔಷಧ ಆಗತೈತೋ, ಶೋಕಿ ಆಗತೈತೋ?"

ಎಷ್ಟು ಮುಗ್ಧವಾಗಿ ಕೇಳಿದೆಯೇ ನೀನು. ಡಾಕ್ಟರ ಮಾತು ಆಗ ನನಗೆ ನೆನಪಾಯಿತು. ಒಂದಕ್ಷರ ಬಿಡದೆ ನೆನಪಾಯಿತು. ಅದರ ಜೊತೆಗೇ ಇಲಿ ಬಾಲವೂ...

"ಶೋಕಿನ ಮತ್ತ," ಎಂದೆ. "ಬಿಟ್ರ ಏನೂ ಆಗಂಗಿಲ್ಲ, ಬಿಡು."

ನೀನು ಎದ್ದು ಹೋಗಿ ಮಾತಾಜಿಯವರ ಮುಂದೆ ಕೈ ಮುಗಿದೆ. "ಒಂದು ಶೋಕಿ ಬಿಡ್ತೀನ್ರಿ ಮಾತಾಜಿ," ಎಂದೆ. ಏನೆಂದು ಅವರು ಕೇಳಲಿಲ್ಲ, ನೀನೂ ನಾಚಿಕೊಂಡು ಹೇಳಲಿಲ್ಲ. ನಾನು ಹಿಂದೆ ಕೂತು ಎಲ್ಲರ ಜೊತೆ ಜಯಕಾರ ಹಾಕಿದೆ.

ಸ್ವಲ್ಪ ಉದುರಲಿ, ಸಾಕು ಎಂದುಕೊಂಡಿದ್ದೆ. ಅಷ್ಟು ಉದುರುತ್ತದೆ ಎಂದು — ಇಲ್ಲ, ಡಾಕ್ಟರು ಎಲ್ಲಾ ಎಂದೇ ಹೇಳಿದ್ದರು. ದೀಪಾವಳಿಯ ಹೊತ್ತಿಗೆ ಬಚ್ಚಲಿನ ನೀರು ಹರಿಯದೆ ನಿಲ್ಲತೊಡಗಿತು. ಜಾಲರಿಯಿಂದ ಕೂದಲು ತೆಗೆಯುವವಳು ನಾನೇ. ಆ ಒದ್ದೆ ಉಂಡೆಯನ್ನು ಯಾರಿಗೂ ಕಾಣದ ಹಾಗೆ ತಿಪ್ಪೆಯ ಅಡಿಗೆ ಹುಗಿದು ಬರುತ್ತಿದ್ದೆ. ನೀನು ತಲೆಯ ಮೇಲಿನ ಸೆರಗು ಇಳಿಸುವುದನ್ನೇ ಬಿಟ್ಟೆ. ಅತ್ತೆ ನಿನಗೆ ದೃಷ್ಟಿ ತೆಗೆದು ಮೆಣಸಿನಕಾಯಿ ಒಲೆಗೆ ಹಾಕಿದರು. "ಯಾರ ಹಾಳ ಕಣ್ಣ ಬಿತ್ತವಾ ನನ್ನ ಸೊಸಿಗೆ!" ಮೆಣಸಿನಕಾಯಿ ಚಟಪಟ ಎನ್ನುವಾಗ ಅತ್ತೆ ತಿರುಗಿ ನನ್ನನ್ನೇ ನೋಡುತ್ತಾರೆ ಎನಿಸಿ ಕೊಡ ಎತ್ತಿಕೊಂಡು ಹೊರಗೆ ಹೋದೆ. ಕೊಡದಲ್ಲಿ ಆಗಲೇ ನೀರಿತ್ತು.

ಇನ್ನೊಂದಿದೆ. ಹೆದರಿಕೆ ತಾಳದೆ ಒಬ್ಬಳೇ ನಿಪ್ಪಾಣಿಗೆ ಹೋಗಿ ಡಾಕ್ಟರನ್ನು ಕೇಳಿದೆ. ಅವರು ಬೈದರು. "ಬಿಡಬ್ಯಾಡ ಅಂತ ಹೇಳಿದ್ದೆನಲ್ರಿ? ಕರಕೊಂಡು ಬರ್ರಿ, ಮತ್ತ ಚಾಲೂ ಮಾಡೋಣ. ಟೈಮ್ ಹಿಡಿತೈತಿ, ಮೊದಲಿನಷ್ಟ ಬರತೈತಿ ಅಂತ ನಾ ಹೇಳಂಗಿಲ್ಲ, ಆದ್ರ ಕೈ ಬಿಡಬ್ಯಾಡ್ರಿ." ದಾರಿ ಇತ್ತು, ತ್ರಿಶಲಾ. ಆದರೆ ಡಾಕ್ಟರ ಮುಂದೆ ನಿನ್ನನ್ನು ಕೂರಿಸಿದರೆ ಅವರ ಬಾಯಿಂದ ಮೊದಲು ಬರುವ ಮಾತೇ ನನ್ನ ಸುಳ್ಳು. ಹೋಗಿ ಬಂದದ್ದನ್ನೇ ಮುಚ್ಚಿಟ್ಟೆ. ಮೊದಲ ಸಲ ಸುಳ್ಳು ಹೇಳಿಸಿದ್ದು ಹೊಟ್ಟೆಕಿಚ್ಚು. ಎರಡನೆಯ ಸಲ ಬಾಯಿ ಮುಚ್ಚಿಸಿದ್ದು ಬರೀ ಅಂಜಿಕೆ.

ನೀನು ಮಾತ್ರ ಯಾರನ್ನೂ ದೂರಲಿಲ್ಲ. ನಿನ್ನನ್ನೇ ದೂರಿಕೊಂಡೆ. ಒಂದು ದಿನ ಅಕ್ಕಿ ಆರಿಸುತ್ತಾ ಹೇಳಿದೆ: "ಅಕ್ಕಾ, ನಾ ಅದನ್ನ ಮನಸ್ಸಿಲೆ ಬಿಡಲಿಲ್ಲ. ಬಿಟ್ಟ ಮ್ಯಾಲೂ ಕನ್ನಡೀ ನೋಡಿಕೋತಿದ್ದೆ. ಅದಕ್ಕ ಹಿಂಗ ಆತು. ದೇವರು ನನಗ ತೋರಿಸಿದಾ, ಇದ್ಯಾವುದೂ ನಿಂದಲ್ಲ ಅಂತ." ನಾನು ಅಕ್ಕಿಯಲ್ಲಿ ಕಲ್ಲು ಹುಡುಕುತ್ತಲೇ ಇದ್ದೆ. ಅಲ್ಲಿಂದ ನೀನು ದಿನಾ ಬಸದಿಗೆ ಹೋಗತೊಡಗಿದೆ. ಈ ವರ್ಷ ಮಾತಾಜಿ ನಮ್ಮೂರಿಗೇ ಬಂದರು. ನಾಡಿದ್ದು ಅವರ ಸಂಘ ಕಾಲ್ನಡಿಗೆಯಲ್ಲಿ ಮುಂದಿನ ಊರಿಗೆ ವಿಹಾರ ಹೊರಡುತ್ತದೆ, ನೀನೂ ಹೊರಡುತ್ತೀಯಂತೆ — ಮುಂದೆ ದೀಕ್ಷೆಯಂತೆ. ಊರವರು ನಿನ್ನ ಕಾಲಿಗೆ ಬೀಳುತ್ತಿದ್ದಾರೆ. ಮೈದುನ ಊಟ ಬಿಟ್ಟಿದ್ದಾನೆ. ಆರುಷಿ ನನ್ನ ಸೆರಗು ಹಿಡಿದು ಕೇಳುತ್ತಾಳೆ, "ದೊಡ್ಡವ್ವಾ, ಅವ್ವ ನನ್ನ ಯಾಕ ಬಿಟ್ಟ ಹೊಂಟಾಳ?" ಏನು ಹೇಳಲಿ ಆ ಕೂಸಿಗೆ?

ನಿನ್ನೆ ಬಸದಿಯಲ್ಲಿ ಮಾತಾಜಿಯವರ ಕೇಶಲೋಚ ನಡೆಯಿತು. ಕೈಗೆ ಬೂದಿ ಹಚ್ಚಿಕೊಂಡು, ತಮ್ಮ ಕೂದಲನ್ನು ತಾವೇ ಕೀಳುತ್ತಿದ್ದರು. ಮುಖದಲ್ಲಿ ಒಂದು ಗೆರೆ ಕದಲಲಿಲ್ಲ. ಕಿತ್ತ ಕೂದಲು ನೆಲಕ್ಕೆ ಬೀಳದಂತೆ ಹೆಂಗಸರು ತಟ್ಟೆ ಹಿಡಿದು ಕೂತಿದ್ದರು. ಅವರು ತಿಳಿದು ಬಿಡುತ್ತಿದ್ದರು. ನೀನು ತಿಳಿಯದೆ ಕಳೆದುಕೊಂಡೆ. ಎರಡನ್ನೂ ನೋಡಿದವಳು ನಾನೊಬ್ಬಳೇ. ಆಗ ನೀನು ನನ್ನ ಕೈ ಹಿಡಿದು ಹೇಳಿದೆ: "ಅಕ್ಕಾ, ನನ್ನ ದೀಕ್ಷಾ ಯಾವಾಗರ ಆಗಲಿ, ಆವತ್ತ ತಟ್ಟಿ ನೀನ ಹಿಡೀಬೇಕು. ನನ್ನ ಕೂದಲದ ಸಂಗ್ತಿ ನಿನ್ನ ಬಿಟ್ರ ಯಾರಿಗೆ ಗೊತ್ತೈತಿ?"

ನಾನು ಕೈ ಬಿಡಿಸಿಕೊಂಡು ಮಾತಾಜಿಯವರ ಕಡೆಗೆ ಮುಗಿದೆ. ನೀನು ಅದನ್ನು ಭಕ್ತಿ ಎಂದುಕೊಂಡೆ.

ಎಲ್ಲ ಕೇಳಿದ ಮೇಲೆ ನೀನು ನನ್ನ ಮುಖಕ್ಕೆ ಉಗುಳಬಹುದು. ಅತ್ತೆ ಮನೆಯಿಂದ ನೂಕಬಹುದು, ಮೈದುನ ನನ್ನನ್ನು ವೈನಿ ಎಂದು ಕರೆಯದೇ ಹೋಗಬಹುದು. ಅದೆಲ್ಲಕ್ಕೂ ಹೆದರಿಕೆ ಇದೆ, ಇಲ್ಲವೆನ್ನುವುದಿಲ್ಲ. ಕೇಳಿದ ಮೇಲೂ ನೀನು ಹೋಗುತ್ತೇನೆ ಎಂದರೆ ಹೋಗು, ತಡೆಯಲು ನಾನ್ಯಾರು. ಆದರೆ ದೇವರು ತೋರಿಸಿದ ಎಂದುಕೊಂಡು ಹೋಗಬೇಡ. ತೋರಿಸಿದ್ದು ದೇವರಲ್ಲ, ನಾನು.

ಆ ತಟ್ಟೆ ನಾನು ಹಿಡಿಯಲಾರೆ, ತ್ರಿಶಲಾ. ನೀನು ಹಿತ್ತಲಲ್ಲಿ ಆರುಷಿಯ ತಲೆಗೆ ನೀರು ಹಾಕುತ್ತಿರುವುದು ಕೇಳಿಸುತ್ತಿದೆ. ಅವಳ ತಲೆ ಒರೆಸಿ ಕಳಿಸು. ನಾನು ಬರುತ್ತಿದ್ದೇನೆ.