ಫರಾಳದ ಕಪಾಟಿನ ಬೀಗ

ಸಯನ್ ಸ್ಟೇಷನ್ನಿನ ಹತ್ತಿರದ ನಮ್ಮ ಬಿಲ್ಡಿಂಗಿನಲ್ಲಿ ಎದುರು ಮನೆಯ ಧಾರವಾಡದ ಕಾಕು, ಮಾತಿಗೆ ಮೊದಲು ಎರಡೂ ಅಂಗೈ ಬಿಚ್ಚಿ ತೋರಿಸುತ್ತಿದ್ದರು. ನಾನು ಕೇಳದಿದ್ದರೂ, “ಮುಂಜಾನಿಂದ ಏನೂ ತಿಂದಿಲ್ ನೋಡ್ವಾ,” ಎನ್ನುತ್ತಿದ್ದರು.

ಮೊಣಕಾಲಿನ ಆಪರೇಷನ್ನಿಗೆ ಮೊದಲು ತೂಕ ಇಳಿಸಬೇಕೆಂದು ಡಾಕ್ಟರು ಹೇಳಿದ್ದರು. ಕಾಕು ರೊಟ್ಟಿ ಬಿಟ್ಟರು, ಆಮೇಲೆ ಅನ್ನವನ್ನೂ ಬಿಟ್ಟರು. ಕೊನೆಗೆ ಉಳಿದದ್ದು ತಿಳಿಸಾರು ಮತ್ತು ಕರಿ ಚಹಾ. ಮೊದಮೊದಲು ಇಳಿದ ತೂಕದ ಕಾಟಾ ಆಮೇಲೆ ಅಲುಗಲಿಲ್ಲ. ಮಗನಿಗೆ ಸಂಶಯ ಬಂತು. “ಯವ್ವಾ, ಕದ್ದು ತಿನ್ನಾಕತ್ತೀ ಏನ?” ಎಂದು ನನ್ನೆದುರೇ ಕೇಳಿದ, ಉಂಡಿ, ಚೂಡಾದಂಥ ಫರಾಳದ ಡಬ್ಬಿಗಳಿದ್ದ ಕಪಾಟಿಗೆ ಬೀಗ ಹಾಕಿದ. ಬಂದವರಿಗೆ ಒಂದು ಚಕ್ಕುಲಿ ಕೊಡಬೇಕೆಂದರೂ ಕಾಕು ಅವನ ದಾರಿ ಕಾಯಬೇಕಿತ್ತು. ಅವರು ಇನ್ನಷ್ಟು ಕಡಿಮೆ ಉಂಡರು.

ಒಂದು ಮುಂಜಾನೆ ನಳದ ನೀರು ತುಂಬುತ್ತಲೇ ಕುಸಿದರು. ಮಗನ ಜೊತೆ ನಾನೂ ಆಸ್ಪತ್ರೆಗೆ ಹೋದೆ. ಅಲ್ಲಿ ಡಾಕ್ಟರು ಅವರ ಊದಿದ ಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಬಿದ್ದ ತಗ್ಗು ಹಾಗೇ ಉಳಿಯಿತು. ಉಪವಾಸಕ್ಕೆ ಮಾಂಸ ಕರಗಿ ಮೈಯಲ್ಲಿ ನೀರು ತುಂಬಿದೆ, ಕಾಟಾಕ್ಕೆ ಅದೆಲ್ಲಿ ಗೊತ್ತಾಗುತ್ತದೆ ಎಂದು ಮಗನನ್ನು ಹಿಂದಿಯಲ್ಲಿ ಗದರಿದರು. ಹೃದಯವೂ ಸೋತಿದೆ ಎಂದರು.

ಮಗ ಗೋಡೆಯತ್ತ ತಿರುಗಿ ನಿಂತ. ಹೃದಯದ ಮಾತು ಕಾಕುವಿನ ಕಿವಿಗೆ ಬಿದ್ದಂತಿರಲಿಲ್ಲ. ನನ್ನ ಕೈ ಹಿಡಿದು, ಎಷ್ಟೋ ತಿಂಗಳ ಮೇಲೆ ನಕ್ಕರು.

“ಕೇಳಿದೇನ್ವಾ? ನಾ ಕದ್ದು ತಿಂದಿಲ್ಲಂತ ಡಾಕ್ಟರ್ರ ಹೇಳ್ಯಾರ. ಬಿಲ್ಡಿಂಗಿನಾಗ ಎಲ್ಲಾರಿಗೂ ಹೇಳು.”

ಹೇಳಿದೆ. ಕಾಕುವಿನ ಮಣ್ಣಿಗೆ ಬಂದವರಿಗೆಲ್ಲ ಹೇಳಿದೆ.