ಇಪ್ಪತ್ತು ಮಾರು ಪೈಪು

ಪೈಪು ಕೊಳ್ಳಲು ಬರುವವರಲ್ಲಿ ಹೆಚ್ಚಿನವರು ಬಣ್ಣ ನೋಡಿ ಕೊಳ್ಳುತ್ತಾರೆ. ಗಿಡ ಹಸಿರು, ಅದಕ್ಕೇ ಪೈಪೂ ಹಸಿರಿರಬೇಕಂತೆ! ನಲ್ಲಿಯಿಂದ ಗಿಡಕ್ಕೆ ಎಷ್ಟು ದೂರ, ಟ್ಯಾಂಕು ಎಷ್ಟು ಎತ್ತರ, ಪೈಪು ಬಿಸಿಲಲ್ಲೇ ಬಿದ್ದಿರುತ್ತದೆಯೇ ಎಂದು ಕೇಳಿದರೆ ಪಿಳಿಪಿಳಿ ಕಣ್ಣು ಬಿಡುತ್ತಾರೆ. ಎರಡು ತಿಂಗಳಲ್ಲಿ ಅದು ಬಿರುಕು ಬಿಟ್ಟರೆ ಬೈಗುಳ ಮಾತ್ರ ನನಗೆ. ಅದಕ್ಕೇ ನನ್ನ ಅಂಗಡಿಯಲ್ಲಿ ಮೊದಲು ಪ್ರಶ್ನೆ, ಆಮೇಲೆ ಪೈಪು. ನಮ್ಮ ಯಜಮಾನರು ಇದಕ್ಕೆ ‘ಪೊಲೀಸ್ ವಿಚಾರಣೆ’ ಎನ್ನುತ್ತಾರೆ. ಅನ್ನಲಿ ಬಿಡಿ.

ಈ ವಿಚಾರಣೆ ಇಲ್ಲದೆ ಪೈಪು ಸಿಗುತ್ತಿದ್ದದ್ದು ನಮ್ಮ ಚಿಕ್ಕಮ್ಮನಿಗೆ ಮಾತ್ರ. ಅಮ್ಮನ ತಂಗಿ ಅವಳು. ಶಾಲೆಯೊಂದರಲ್ಲಿ ತೋಟದ ಕೆಲಸ. ಗಂಡ ತೀರಿಕೊಂಡ ವರ್ಷ ಸೇರಿದವಳು ಆ ಅಂಗಳ ಬಿಟ್ಟು ಕದಲಿಲ್ಲ. ಗಿಡಗಳ ಜೊತೆ ಜಗಳವಾಡುತ್ತಲೇ ಕೆಲಸ ಮಾಡುವವಳು. “ಏನೇ ಮೂದೇವಿ, ಮೊಗ್ಗು ಬಿಡೋಕೆ ಏನು ಧಾಡಿ ನಿಂಗೆ?” ಎಂದು ದಾಸವಾಳಕ್ಕೆ ಬೈದು, ಮರುದಿನ ಅದೇ ಬುಡಕ್ಕೆ ಒಂದು ಹಿಡಿ ಗೊಬ್ಬರ ಜಾಸ್ತಿ ಹಾಕುತ್ತಿದ್ದಳು. ಚೆಂಡು ಒದ್ದು ಗಿಡ ಮುರಿದ ಮಕ್ಕಳಿಗೆ ಕಳೆ ಕೀಳುವ ಶಿಕ್ಷೆ. ಮಕ್ಕಳು ಅವಳಿಗೆ ‘ಗುಡುಗಜ್ಜಿ’ ಎಂದು ಹೆಸರಿಟ್ಟಿದ್ದವು. ಅದು ಅವಳಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಮನೆಯಲ್ಲಿ ಒಬ್ಬಳೇ, ಮಾತಿಗೆ ಜನ ಬೇಕೆಂದರೆ ಆ ಶಾಲೆಯೇ ಗತಿ.

ಈಚೆಗೆ ಆ ತೋಟ ಸೊರಗತೊಡಗಿತು. ಕಾಂಪೌಂಡ್ ಗೋಡೆಯ ಪಕ್ಕದ ಸಾಲಂತೂ ಒಣಗಿ ಕಡ್ಡಿಯಾಯಿತು. ಹೆಡ್ ಮಿಸ್ಸು ನೇರವಾಗಿಯೇ ಹೇಳಿಬಿಟ್ಟರಂತೆ: “ಸೋಮವಾರ ಬಂದು ನೋಡ್ತೀನಮ್ಮಾ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀವಿ.”

ಚಿಕ್ಕಮ್ಮ ಸೀದಾ ಅಂಗಡಿಗೆ ಬಂದಳು. “ಆ ಹಳೇ ದರಿದ್ರ ಪೈಪು ನನ್ನ ಅನ್ನಕ್ಕೆ ಕಲ್ಲು ಹಾಕ್ತಿದೆ ಕಣೇ. ಗೋಡೆವರೆಗೂ ಇಪ್ಪತ್ತು ಮಾರು ಬೇಕು. ಗಟ್ಟಿಯಾದ್ದು ಕೊಡು.”

ಮಾರು ಎಂದರೆ ಎರಡೂ ಕೈ ಅಗಲಿಸಿದಾಗ ಈ ಬೆರಳ ತುದಿಯಿಂದ ಆ ಬೆರಳ ತುದಿಯವರೆಗೆ. ಅಂಗಡಿಯಲ್ಲಿ ಅಳೆಯುವುದು ಮೀಟರಿನಲ್ಲೇ. ಆದರೆ ಚಿಕ್ಕಮ್ಮನಿಗೆ ಹಗ್ಗವಾಗಲಿ ಪೈಪಾಗಲಿ ಮಾರೇ ಆಗಬೇಕು. ನಾವಿಬ್ಬರೂ ಒಂದೇ ಎತ್ತರ, ಅವಳ ಮಾರೂ ನನ್ನ ಮಾರೂ ಒಂದೇ. “ಮಾರೋಳಿಗೆ ಮಾರು ಬರದಿದ್ರೆ ಹೇಗೆ?” ಎನ್ನುವುದು ಅವಳ ಹಳೇ ತಮಾಷೆ. ಕೈ ಚಾಚಿ ಚಾಚಿ ಇಪ್ಪತ್ತು ಮಾರು ಅಳೆದುಕೊಟ್ಟೆ. ಒಳಗೆ ನೂಲು ಹೆಣೆದ ಮುಕ್ಕಾಲಿಂಚಿನ ಪೈಪು. ಬಿಸಿಲಿಗೆ ಜಗ್ಗುವುದಿಲ್ಲ, ತಿರುಚಿದರೂ ನೀರು ಕಟ್ಟುವುದಿಲ್ಲ. ತೂಕ ಜಾಸ್ತಿ, ನೀರು ತುಂಬಿದರೆ ಇನ್ನೂ ಜಾಸ್ತಿ. ಚಿಕ್ಕಮ್ಮನ ರಟ್ಟೆಗೆ ಅದ್ಯಾವ ಲೆಕ್ಕ ಅಂದುಕೊಂಡೆ.

ಭಾನುವಾರ ನಲ್ಲಿಗೆ ಕ್ಲಿಪ್ಪು ಬಿಗಿಯಲು ನಾನೇ ಹೋದೆ. ನೋಡಿದರೆ ಪೈಪು ಗೋಡೆ ಮುಟ್ಟಿದ ಮೇಲೂ ಒಂದು ರಾಶಿ ಸುರುಳಿ ಸುತ್ತಿಕೊಂಡು ಬಿದ್ದಿದೆ. ಮೂರರಲ್ಲಿ ಒಂದು ಪಾಲು ದಂಡ! ನನಗೆ ರೇಗಿಹೋಯಿತು.

“ಏನು ಚಿಕ್ಕಮ್ಮ, ಕಣ್ಣು ಮುಚ್ಕೊಂಡು ಅಳೆದ್ಯಾ?”

“ನಿನ್ನ ಕೈಯೇ ಉದ್ದ ಬೆಳೆದಿರ್ಬೇಕು. ನಾನು ಹಗ್ಗ ಹಿಡಿದು ಸರಿಯಾಗೇ ಅಳೆದಿದ್ದೀನಿ.”

“ಎಲ್ಲಿ, ನನ್ನೆದುರಿಗೆ ಅಳೆದು ತೋರಿಸು ನೋಡೋಣ.”

ಅವಳು ಹಗ್ಗ ಹಿಡಿದಳು. ಬಲಗೈ ಪೂರ್ತಿ ಚಾಚಿತು. ಎಡಗೈ ಮಡಿಸಿಕೊಂಡು ಭುಜದ ಮುಂದೆಯೇ ನಿಂತುಬಿಟ್ಟಿತು. ಅದನ್ನೇ ಮಾರು ಮಾಡಿಕೊಂಡು “ಒಂದು” ಎಂದಳು. ಎರಡನೆಯದಕ್ಕೂ ಅಷ್ಟೇ. ಆಮೇಲೆ ನನ್ನ ಮುಖ ನೋಡಿದಳು, ತನ್ನ ಎಡಗೈ ನೋಡಿಕೊಂಡಳು, ಹಗ್ಗ ಕೆಳಗಿಟ್ಟಳು.

“ಎಷ್ಟು ದಿನದಿಂದ ಹೀಗೆ?”

“ಆಗಿರ್ಬೋದು, ನಾಲ್ಕೈದು ತಿಂಗಳು. ಭುಜ ಹಿಡ್ಕೊಂಡಿದೆ, ಮೇಲೇಳಲ್ಲ. ಡಾಕ್ಟ್ರ ಹತ್ರ ಹೋದ್ರೆ ಕೆಲಸ ಬಿಡು ಅಂತಾರೆ. ಬಿಟ್ಟು ಆ ನಾಲ್ಕು ಗೋಡೆ ಮಧ್ಯೆ ಏನು ಮಾಡ್ಲಿ ಹೇಳು?” ಆಮೇಲೆ ಗೊಣಗಿದಳು: “ಅಳತೆ ಕೆಡುತ್ತೆ ಅಂತ ಮಾತ್ರ ಹೊಳೀಲೇ ಇಲ್ಲ ಕಣೇ.”

ಅಂದರೆ ಆ ಸಾಲು ಒಣಗಿದ್ದು ಹಳೆಯ ಪೈಪಿನ ದೆಸೆಯಿಂದಲ್ಲ. ಒಂದೇ ಕೈಯಲ್ಲಿ ಅದನ್ನು ಗೋಡೆಯವರೆಗೆ ಎಳೆಯಲು ಅವಳಿಂದ ಆಗುತ್ತಿರಲಿಲ್ಲ. ಈಗ ನಾನು ಅದಕ್ಕಿಂತ ಭಾರದ್ದನ್ನು ತಂದು ಅವಳ ತಲೆಗೆ ಕಟ್ಟಿದ್ದೆ. ಅಳು ಬರುವುದರೊಳಗೆ ಬೈದುಬಿಟ್ಟೆ.

“ಬಾಯಿ ಬಿಟ್ಟು ಹೇಳೋಕೆ ಏನು ರೋಗ ನಿಂಗೆ?”

“ರೋಗ ಇರೋದು ಭುಜಕ್ಕೆ, ಬಾಯಿಗಲ್ಲ,” ಎಂದಳು, ಬೇರೆ ಕಡೆ ನೋಡುತ್ತಾ.

ಅಂಗಡಿಗೆ ಓಡಿದೆ. ಈ ಸಲದ ವಿಚಾರಣೆಯೆಲ್ಲ ನನ್ನ ತಲೆಯೊಳಗೇ ನಡೆಯಿತು. ಶಾಲೆಯ ಟ್ಯಾಂಕು ಎತ್ತರದಲ್ಲಿದೆ, ನೀರಿಗೆ ರಭಸವಿದೆ. ಅರ್ಧ ಇಂಚು ಧಾರಾಳ ಸಾಕು. ಹಗುರವಾದ ಮೆತ್ತನೆಯ ಪೈಪು, ಗೋಡೆ ಮುಟ್ಟುವಷ್ಟೇ ಉದ್ದ, ಅದೂ ಮೀಟರಿನಲ್ಲಿ ಅಳೆದು. ತುದಿಗೆ ಅದುಮಿಯೇ ಹಿಡಿದಿರಬೇಕಾದ, ನೀರು ಚಿಮ್ಮಿಸುವ ಗನ್ನು ಬೇಡ, ಇರುವ ಒಂದು ಕೈಯ ಬೆರಳುಗಳೂ ಸೋತುಹೋಗುತ್ತವೆ; ಹೆಬ್ಬೆರಳಲ್ಲಿ ತಳ್ಳಿ ಬಿಟ್ಟರೆ ತಾನಾಗಿ ಸುರಿಯುವ ವಾಲ್ವು. ಕತ್ತಲಾಗುವುದರೊಳಗೆ ಹೋಗಿ ಅದನ್ನು ಬಿಗಿದು ಬಂದೆ.

ಸೋಮವಾರ ಬೆಳಿಗ್ಗೆ ಹೆಡ್ ಮಿಸ್ಸು ಬಂದರು. ನಲ್ಲಿ ಸೋರುತ್ತಿದೆಯೇ ನೋಡುವ ನೆಪದಲ್ಲಿ ನಾನೂ ಅಲ್ಲೇ ಇದ್ದೆ. ಚಿಕ್ಕಮ್ಮ ಬಲಗೈಯಲ್ಲಿ ಪೈಪು ಹಿಡಿದು ಗೋಡೆಯವರೆಗೆ ಸರಸರ ನಡೆದಳು. ಅದು ಎಲ್ಲೂ ತಡೆಯದೆ ಅವಳ ಹಿಂದೆಯೇ ಹೋಯಿತು. ಒಣಗಿದ ಸಾಲಿಗೆ ನೀರು ಬಿತ್ತು. “ಕುಡೀರೇ ಸೋಮಾರಿಗಳಾ!” ಎಂದು ಗದರಿದಳು. ಹೆಡ್ ಮಿಸ್ಸು ನಕ್ಕುಬಿಟ್ಟರು.

“ಹಾಗಾದ್ರೆ ಎಲ್ಲಾ ಪೈಪಿಂದೇ ತೊಂದ್ರೆ ಅನ್ನಿ. ಸರಿ ಅಮ್ಮಾ, ನಡೆಸಿಕೊಂಡು ಹೋಗಿ.”

ಅವರು ಒಳಗೆ ಹೋದರೂ ಚಿಕ್ಕಮ್ಮ ಆ ಸಾಲು ಮುಗಿಸಿಯೇ ಈಚೆ ಬಂದಳು. ನಾನು ಕಾದಿದ್ದೆ.

“ಈಗ ನನ್ನ ಮಾತು ಕೇಳು. ಸಂಜೆ ಡಾಕ್ಟ್ರ ಹತ್ರ ಹೋಗ್ತಿದೀವಿ. ಕೆಲಸ ಬಿಡು ಅಂದ್ರೆ ಅವರ ಹತ್ರ ಜಗಳ ಆಡೋದು ನನಗೆ ಬಿಡು.”

ಅವಳು ಒಲ್ಲೆ ಎನ್ನುತ್ತಾಳೆಂದು ಸೊಂಟಕ್ಕೆ ಸೆರಗು ಕಟ್ಟಿಯೇ ನಿಂತಿದ್ದೆ. ಅವಳು ಒಲ್ಲೆ ಎನ್ನಲಿಲ್ಲ. ನಲ್ಲಿ ಕಟ್ಟೆಯ ಮೇಲೆ ನನಗೆ ಬೆನ್ನು ಮಾಡಿ ಕೂತು, ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಕೂದಲೆಲ್ಲ ಸಿಕ್ಕು ಕಟ್ಟಿ ಗಂಟಾಗಿತ್ತು.

“ಹೋಗೋಣ. ಅದಕ್ಕೆ ಮುಂಚೆ ಒಂದು ಜಡೆ ಹಾಕಿಕೊಡ್ತೀಯಾ? ಕೈ ಹಿಂದಕ್ಕೆ ಹೋಗಲ್ಲ ಕಣೇ. ಇಷ್ಟು ದಿನ ಯಾರನ್ನ ಕೇಳ್ಲಿ?”